ಮೋರಿಯ ಮೇಲೆ ಐದನೇ ಕಲ್ಲು

ನಮ್ಮ ಕಡೆಯ ಡ್ರೈವರುಗಳಿಗೆ ಮಳೆ ಎಂದರೆ ಏನೋ ಹಟ. ಬಿಸಿಲಲ್ಲಿ ಎಮ್ಮೆ ಅಡ್ಡ ಬಂದರೂ ನಿಲ್ಲಿಸಿ ಬೀಡಿ ಹಚ್ಚುವವರು, ಆಷಾಢದ ಮಳೆಯಲ್ಲಿ ಒಂದು ನಿಮಿಷ ಕಾಯಲಾರರು. ವೈಪರ್ ಕೆಟ್ಟರೆ ಬೀಡಿ ಬಿಚ್ಚಿ ಅದರ ಹೊಗೆಸೊಪ್ಪನ್ನು ಗಾಜಿಗೆ ಉಜ್ಜುತ್ತಿದ್ದರು, ನೀರು ನಿಲ್ಲದೆ ಜಾರಿಹೋಗಲಿ ಎಂದು. ಅಷ್ಟೇ ಅವರ ರಿಪೇರಿ. ಇವರನ್ನು ಬೈದುಕೊಂಡೇ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ತಿರುಗಿದವನು. ಆದರೆ ಆ ದಿನ ತಪ್ಪು ನನ್ನದೂ ಇತ್ತು.

ಎಪ್ಪತ್ತರ ದಶಕದ ಕೊನೆ. ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ಅವಳನ್ನು ತೀರ್ಥಹಳ್ಳಿಯ ತವರಿಗೆ ಬಿಡಲು ಹೊಸನಗರದಲ್ಲಿ ಬೆಳಗಿನ ಬಸ್ಸು ಹತ್ತಿದೆವು. ಊರು ಬಿಟ್ಟು ಎರಡು ಮೈಲಿಗೆ ಒಂದು ತಗ್ಗು ಮೋರಿ. ಹಳ್ಳ ಅದರ ಮೇಲೇ ಹರಿಯುತ್ತಿತ್ತು. ಅಂಥ ಕಡೆ ಒಬ್ಬ ನೀರಿಗಿಳಿದು ಮುಂದೆ ನಡೆಯಬೇಕು, ಅವನ ಬೆನ್ನು ನೋಡಿಕೊಂಡು ಡ್ರೈವರು ಬಸ್ಸು ಬಿಡಬೇಕು. ಇಲ್ಲಿಯ ಪದ್ಧತಿ ಅದು. ಕಂಡಕ್ಟರ್ ನೀರು ನೋಡಿ ಹಿಂದೆ ಸರಿದ.

"ನೀರು ಸ್ವಲ್ಪ ಇಳೀಲಿ ಮಾರಾಯ, ಕಾಯಾಣ," ಎಂದೆ.

"ಹೆದ್ರಿಕೆ ಆದ್ರೆ ಕೊಡೆ ಬಿಚ್ಕಂಡು ಕೂತ್ಕಾ," ಎಂದ ಡ್ರೈವರು. "ಈ ಮೋರಿ ಕಟ್ಟಿದ್ದು ನಾನೇ ಅಂತ ಪೇಟೇಲೆಲ್ಲ ಹೇಳ್ತಿದ್ಯಲ್ಲ. ನಿನ್ ಕಲ್ಲಿನ ಮೇಲೆ ನಿಂಗೇ ನಂಬ್ಕೆ ಇಲ್ವಾ?"

ಬಸ್ಸೆಲ್ಲ ನಕ್ಕಿತು. ಹೇಳಿಕೊಂಡದ್ದು ಹೌದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು; ಕಲ್ಲುಕೆಲಸವೇ ನನ್ನ ಓದು. ಆ ಮೋರಿಯ ಎಡ ಅಂಚಿಗೆ ಒಂಬತ್ತು ಕಲ್ಲು ಕೂರಿಸಿದ್ದು ಈ ಕೈ.

"ಕಣ್ಣು ಮುಚ್ಕಂಡು ನಡೀತೀನಿ, ಬಾ," ಎಂದು ಪಂಚೆ ಎತ್ತಿ ಕಟ್ಟಿ ಇಳಿದೆ. ಹೆಂಡತಿ ಕಿಟಕಿಯಿಂದ "ಬ್ಯಾಡ್ರೀ" ಎಂದದ್ದು ಕೇಳಿತು. ತಿರುಗಲಿಲ್ಲ.

ನೀರು ಮೊಣಕಾಲಿಗೆ ಬಂತು. ಎಡಗಾಲಲ್ಲಿ ಅಂಚಿನ ಕಲ್ಲು ತಡವುತ್ತ ಹೋದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಸಿಗಲಿಲ್ಲ. ಕಾಲು ಇನ್ನಷ್ಟು ಚಾಚಿದೆ. ಕಲ್ಲೂ ಇಲ್ಲ, ಕೆಳಗೆ ನೆಲವೂ ಇಲ್ಲ. ನೀರು ಕಾಲನ್ನು ಒಳಕ್ಕೆ ಎಳೆಯಿತು.

ಹೇಗೋ ಹಿಂದೆ ಸರಿದು ತಿರುಗಿ ಎರಡೂ ಕೈ ಬೀಸಿದೆ. ಬಸ್ಸು ಬರುತ್ತಲೇ ಇತ್ತು. ಗಾಜಿನ ತುಂಬ ಹೊಗೆಸೊಪ್ಪಿನ ಕಂದು ನೀರು. ಅದರ ಹಿಂದೆ ಡ್ರೈವರನ ಮುಖವೇ ಕಾಣಲಿಲ್ಲ. ನನಗೆ ಅವನು ಕಾಣದಿದ್ದರೆ ಅವನಿಗೆ ನಾನು ಕಾಣುವುದು ಹೇಗೆ? ಕೂಗಿದೆ. ಹಳ್ಳದ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಬಲಕ್ಕೆ ಸರಿದಿದ್ದರೆ ನಾನೊಬ್ಬ ಉಳಿಯುತ್ತಿದ್ದೆ. ಎರಡನೇ ಕಿಟಕಿಯಲ್ಲಿ ಅವಳ ಸೆರಗು ಕಾಣುತ್ತಿತ್ತು. ಬಸ್ಸಿನ ಮೂತಿಗೇ ನುಗ್ಗಿ ಬಾನೆಟ್ಟಿಗೆ ಮುಷ್ಟಿಯಿಂದ ಗುದ್ದಿದೆ, ಗುದ್ದಿದೆ. ಅದು ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿ ನಿಂತಿತು.

ಡ್ರೈವರು ತಲೆ ಹೊರಗೆ ಹಾಕಿ, "ಎಂತ ಮಾರಾಯ, ತಲೆ ಕೆಟ್ಟಿದ್ಯಾ?" ಎಂದ.

"ರಸ್ತೆ ಇಲ್ಲ. ನಾ ಕಟ್ಟಿದ್ದು ಹೋಗಿದೆ."

ಅವನು ತಲೆ ಒಳಗೆಳೆದುಕೊಂಡು ರಿವರ್ಸ್ ಹಾಕಿದ.

ಮಧ್ಯಾಹ್ನ ನೀರು ಇಳಿದಾಗ ನೋಡಿದರೆ ಮೋರಿಯ ಎಡಮಗ್ಗುಲು ಒಂದು ಮಾರು ಕಿತ್ತುಹೋಗಿತ್ತು. ಖಾಲಿ ಬಸ್ಸನ್ನು ಬಲಕ್ಕೆ ಒತ್ತಿ ದಾಟಿಸಿದ ಡ್ರೈವರು ಎಲ್ಲರನ್ನೂ ನಡೆದು ಬರಲು ಕರೆದ. ಹೆಂಡತಿ ಅಡಿ ಇಡಲಿಲ್ಲ.

"ನಾ ಹೊಸನಗರದಲ್ಲೇ ಹೆರ್ತೀನಿ. ಅಮ್ಮನ್ನೇ ಕರ್ಸಿ," ಎಂದಳು.

ನನ್ನ ಕಾಲೂ ಏಳುತ್ತಿರಲಿಲ್ಲ. ಆದರೂ ಎಲ್ಲರಿಗೂ ಕೇಳುವಂತೆ, "ಇವಳಿಗೆ ಹೆದ್ರಿಕೆ, ನಾವು ಬರಾದಿಲ್ಲ," ಎಂದು ಕೂಗಿ ಹೊಸನಗರದ ಕಡೆ ತಿರುಗಿದೆ. ಆ ಎರಡು ಮೈಲಿಯಲ್ಲಿ ಎಲ್ಲಿಂದ ಮೋಟಾರಿನ ಸದ್ದು ಬಂದರೂ ಅವಳನ್ನು ಚರಂಡಿಯಾಚೆ ದಾಟಿಸಿ, ಗಾಡಿ ಹೋಗಿ ಸದ್ದು ಪೂರ್ತಿ ಅಡಗುವ ತನಕ ಕೈ ಬಿಡುತ್ತಿರಲಿಲ್ಲ.