ಎಲೆಸಂದಿನ ಬಿಳುಪು

ರಾತ್ರಿಯೆಲ್ಲ ಬೀಸಿದ ಗಾಳಿ ಬೆಳಗಿನ ಜಾವಕ್ಕೆ ನಿಂತಿದೆ. ಕುರುಗೋಡಿನ ಗುಡ್ಡದ ಮೇಲೆ ತೆಳು ಮಂಜು, ಅಂಗಳದ ಕಲ್ಲುಚಪ್ಪಡಿಯ ಮೇಲೆ ಇಬ್ಬನಿ. ಗಿಡ ಸಾಗಿಸಲು ಇಂಥ ದಿನವೇ ಬೇಕು ಎನ್ನುತ್ತಾರೆ ವಿರೂಪಮ್ಮ. ಒಮ್ಮೆ ಕಣ್ಣು ಮುಚ್ಚಿ ಶಿವನನ್ನು ನೆನೆದು, ಎದೆಯೆತ್ತರದ ಫೈಕಸ್ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದಾರೆ. ಕೈಯಲ್ಲಿ ಕಡ್ಡಿಗೆ ಸುತ್ತಿದ ಅರಳೆ, ಪಕ್ಕದಲ್ಲಿ ಸ್ಪಿರಿಟ್ ಬಾಟಲಿ. ಅರಳೆ ಒದ್ದೆಯಾಗುವ ಸಂದರ್ಭವೇ ಬರುವುದಿಲ್ಲ. ಹುಳ ಒಂದೂ ಇಲ್ಲ.

ಫೈಕಸ್ ಎಂದರೆ ಆಲ, ಅರಳಿ, ಅತ್ತಿಯ ಬಳಗದ್ದೇ. ಮನೆಯೊಳಗೆ ಅಂದಕ್ಕೆ ಬೆಳೆಸುವ ಶೋಗಿಡ. ಅಂಥ ಗಿಡಗಳ ಹುಳ ಬಿಡಿಸುವುದು ಐವತ್ಮೂರರ ವಿರೂಪಮ್ಮನ ಕಸುಬು. ವಾರದಲ್ಲಿ ನಾಲ್ಕು ದಿನ ಬಳ್ಳಾರಿ, ಒಂದು ದಿನ ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗಳು. ದಿನಕ್ಕೆ ಆರು ಮನೆ, ಗಿಡವೊಂದಕ್ಕೆ ಮುಕ್ಕಾಲು ಗಂಟೆ. ಬಸ್ಸಿನಲ್ಲಿ ಸೋಪು, ಬಾಟಲಿ ತುಂಬಿದ ಅವರ ಚೀಲ ಕಂಡವರು ಸೋಪು ಮಾರುವವರಿರಬೇಕು ಎಂದುಕೊಳ್ಳುತ್ತಾರೆ.

ಹುಟ್ಟಿದ್ದು ಸಿರುಗುಪ್ಪದ ಕಡೆಯ ಕರೂರಿನಲ್ಲಿ, ಬೆಳೆದದ್ದು ಭತ್ತದ ನಾಟಿ ಹಚ್ಚುತ್ತ. ಕುರುಗೋಡಿಗೆ ಸೊಸೆಯಾಗಿ ಬಂದವರು ಗಂಡ ತೀರಿಕೊಂಡ ಮೇಲೆ ಅಂಜೂರದ ತೋಟಕ್ಕೆ ಕೂಲಿಗೆ ಹೋದರು. ಹದಿನಾಲ್ಕು ವರ್ಷ ಹಣ್ಣಿನ ತೊಟ್ಟಿಗೆ ಅಂಟುವ ಬಿಳಿ ಹುಳವನ್ನು ಬೆರಳಲ್ಲೇ ಒರೆಸಿದರು. ತೋಟ ಸೈಟುಗಳಾದಾಗ ಕೂಲಿಯೂ ಹೋಯಿತು. ಅಷ್ಟರಲ್ಲಿ ತೋಟದ ಮಾಲೀಕರ ಮಗಳ ಬಳ್ಳಾರಿ ಮನೆಯಲ್ಲಿ ಫೈಕಸ್ ಬಳಗದ್ದೇ ಆದ ರಬ್ಬರ್ ಗಿಡವೊಂದು ಸೊರಗಿತ್ತು. ಇವರು ಹೋಗಿ ನೋಡಿದರು. ಅದೇ ಹುಳ.

“ಅಂಜೂರ ಮುರಿದ್ರೂ ಹಾಲು ಬರ್ತೈತಿ, ಇದನ್ನ ಮುರಿದ್ರೂ ಹಾಲು ಬರ್ತೈತಿ. ಇವು ಅಕ್ಕ ತಂಗಿ ಅಂತ ಹುಳಕ್ಕ ಮೊದ್ಲೇ ಗೊತ್ತಿತ್ತು ನೋಡ್ರಿ. ನಮಗ ಗೊತ್ತಾಗಾಕ ತಡ ಆತು.”

ಈಗ ಅಂಗಳದಲ್ಲಿರುವ ಗಿಡ ಬಳ್ಳಾರಿಯ ಕಂಟೋನ್ಮೆಂಟಿನ ಚನ್ನವೀರಮ್ಮನವರದು. ಹದಿನೆಂಟು ವರ್ಷದ್ದು. ನಿತ್ಯ ಲಿಂಗಪೂಜೆ ಮುಗಿಸಿ, ಅರಳಿಯ ಬಳಗದ್ದಲ್ಲವೇ ಎಂದು ಚಿಟಿಕೆ ವಿಭೂತಿಯನ್ನು ಈ ಗಿಡಕ್ಕೂ ಉದುರಿಸುವುದು ಆ ತಾಯಿಯ ಪದ್ಧತಿ. ಎಲೆಸಂದಿನಲ್ಲಿ ಬಿಳುಪು ಕಂಡರೆ ಅದು ವಿಭೂತಿಯೇ ಎಂದು ಮನೆಯವರು ಕೈಮುಗಿಯುತ್ತಿದ್ದರು. ಹಿಟ್ಟು ತಿಗಣೆ ಎಂಬ ಹುಳವೂ ಹಾಗೆಯೇ ಬೆಳ್ಳಗೆ, ಅರಳೆಯ ಹಾಗೆ, ಸಂದಿನಲ್ಲೇ ಕೂರುತ್ತದೆ. ಎರಡು ತಿಂಗಳು ಅದು ವಿಭೂತಿಯ ಮರೆಯಲ್ಲಿ ಕೂತು ರಸ ಹೀರಿತು. ಎಲೆ ಜಿಗುಟಾಯಿತು, ಇರುವೆ ಸಾಲು ಹತ್ತಿತು.

ಪ್ರತಿ ಬುಧವಾರ ಗಿಡ ನೋಡಲು ಬರುತ್ತಿದ್ದ ವಿರೂಪಮ್ಮನ ಮೇಲೆ, ಹುಳವನ್ನು ನೀನೇ ಬೇರೆ ಮನೆಗಳಿಂದ ಒರೆಸುವ ಬಟ್ಟೆಯಲ್ಲಿ ತಂದೆ ಎಂದು ಚನ್ನವೀರಮ್ಮ ನೆರೆಯವರೆದುರೇ ಸಿಟ್ಟಾದರು. ಆ ಬೀದಿಯ ಒಂಬತ್ತು ಮನೆಗಳು ವಿರೂಪಮ್ಮನನ್ನು ಕರೆಯಲಾರಂಭಿಸಿದ್ದೇ ಈ ತಾಯಿ ಹೇಳಿದ ಮೇಲೆ. ಅವರ ಕೊನೆಯ ಮಾತು ಇದು: “ತಗೊಂಡು ಹೋಗು. ಬದುಕಿದ್ರ ತಗೊಂಡು ಬಾ. ಇಲ್ಲಾಂದ್ರ ಈ ಓಣಿಗೆ ನೀನೂ ಬರಬ್ಯಾಡ.”

ಇಪ್ಪತ್ತೊಂದು ದಿನದಲ್ಲಿ ತಂದುಕೊಡುವೆನೆಂದು ವಿರೂಪಮ್ಮ ಮಾತು ಕೊಟ್ಟರು. ಆದರೆ ಫೈಕಸ್ ಜಾಗ ಬದಲಾದರೆ ಮುನಿಸಿಕೊಳ್ಳುವ ಗಿಡ. ಮೊದಲ ವಾರ ದಿನವೂ ಎಲೆ ಉದುರಿತು. ಗುಡಿಸಿ ಎಣಿಸಿದರೆ ನೂರನಲವತ್ತು. ಆ ವಾರ ಊಟ ಸೇರಲಿಲ್ಲ ಎನ್ನುತ್ತಾರೆ. ಸಂದು ಸಂದಿಗೂ ಸ್ಪಿರಿಟ್ ಅರಳೆ ಮುಟ್ಟಿಸಿದರು. ಬೇವಿನೆಣ್ಣೆ ಬೆರೆಸಿದ ಸೋಪಿನ ನೀರಲ್ಲಿ ಎಲೆಯ ಬೆನ್ನು ತೊಳೆದರು. ಮೊಟ್ಟೆ ಒಡೆದು ಮರಿ ಬರುತ್ತದೆಂದು ಏಳೇಳು ದಿನಕ್ಕೆ ಮತ್ತೆ ಅದೇ ಕೆಲಸ, ಮೂರು ಸಲ. ಮೂರನೆಯ ವಾರ ತುದಿಯಲ್ಲಿ ಚಿಗುರು ಕಂಡಿತು. ಇಂದು ಇಪ್ಪತ್ತೊಂದನೆಯ ದಿನ.

ಗೂಡ್ಸ್ ಆಟೊ ತಂದ ಮೈದುನ ಸುಂಕಣ್ಣನಿಗೆ ಹಳೆಯ ಸೀರೆ ಸುತ್ತಿದ ಗಿಡ ಕಂಡು ನಗು. “ಅಕ್ಕಾ, ಮದುಮಗಳನ್ನ ಕಳಿಸಾಕ ಹೊಂಟಂಗ ಐತಲ್ಲ.”

“ನೀ ಗುಂಡಿ ನೋಡಿ ಹೊಡಿಲೇ. ಒಂದೆಲಿ ಉದುರಿದ್ರ ನಿನ್ನ ಬಾಡಿಗಿನೂ ಉದುರ್ತೈತಿ.”

ಕಂಟೋನ್ಮೆಂಟ್ ತಲುಪುವ ಹೊತ್ತಿಗೆ ಎಳೆಬಿಸಿಲು. ಚನ್ನವೀರಮ್ಮ ಮೆಟ್ಟಿಲ ಮೇಲೇ ನಿಂತು, ಕನ್ನಡಕ ಏರಿಸಿ, ಗಿಡಕ್ಕೆ ಸುತ್ತಿದ ಸೀರೆ ಸರಿಸಿ, ಸಂದುಸಂದಿಗೂ ಬೆರಳಾಡಿಸುತ್ತಾರೆ. ಬೆರಳಿಗೆ ಏನೂ ಹತ್ತುವುದಿಲ್ಲ. ವಿರೂಪಮ್ಮ ಇಲ್ಲಿಗೆ ಸುಮ್ಮನಾಗಬಹುದಿತ್ತು, ಆಗುವುದಿಲ್ಲ.

“ಅಮ್ಮಾರ, ಹುಳ ನಾ ತಂದಿದ್ದಲ್ರಿ. ಆದ್ರ ತಪ್ಪು ನಂದೂ ಐತಿ. ಸಂದ್ಯಾಗ ಬೆಳ್ಳಗ ಕಂಡಿದ್ದು ನೀವು ಹಾಕಿದ್ದ ಇಬೂತಿ ಅಂತ ನಾ ಮುಟ್ಟಲಿಲ್ಲ. ಒರಸಿದ್ರ ಪಾಪ ಬರ್ತೈತಿ ಅಂತ ಕೈ ಮುಗದು ಹೋಗ್ತಿದ್ದೆ. ಇನ್ನ ಎಲಿಗೆ ಬ್ಯಾಡ್ರಿ, ಕುಂಡಕ್ಕ ಹಚ್ರಿ. ಶಿವ ಬೇರಿನ ಕಡಿಂದಾನೂ ನೋಡ್ತಾನ.”

ಚನ್ನವೀರಮ್ಮ ಒಳಗೆ ಹೋಗುತ್ತಾರೆ. ವಿಭೂತಿ ಹಿಡಿದು ಬಂದು, ಬಗ್ಗಿ, ಮಣ್ಣಿನ ಕುಂಡದ ಮೈಗೆ ಮೂರು ಬೆರಳು ಎಳೆಯುತ್ತಾರೆ. “ದಿನಾ ಹಾಕಿದಾಕಿ ನಾನು, ನನಗೂ ಕಾಣಲಿಲ್ಲ. ನಿನಗ ಅನಬಾರದ ಮಾತು ಅಂದೆ. ಬುಧವಾರ ಬಾ.”

ಅವರು ಎರಡೂ ಕೈ ಚಾಚುತ್ತಾರೆ. ವಿರೂಪಮ್ಮ ಕುಂಡವನ್ನೆತ್ತಿ, ಭಾರ ಆ ಕೈಗಳಿಗೆ ದಾಟುವವರೆಗೂ ಬುಡ ಹಿಡಿದಿದ್ದು, ಮೆಲ್ಲಗೆ ಬಿಡುತ್ತಾರೆ.