ಚೆಂಡು ಕೊಟ್ಟವಳು

ನನ್ನ ಮೊಮ್ಮಗಳಿಗೆ ಹದಿನಾರು ತುಂಬಿದ ವರ್ಷ, ಜಿಲ್ಲೆಯ ಬಾಲಕಿಯರ ಫುಟ್‌ಬಾಲ್ ತಂಡದ ಪಟ್ಟಿಯಿಂದ ಅವಳ ಹೆಸರನ್ನು ಹೊಡೆದುಹಾಕಲಾಯಿತು. ಆಯ್ಕೆಗಾರರು ಮೂವರು. ಕೊಟ್ಟ ಕಾರಣ ಒಂದೇ: ಆಯ್ಕೆ ಪಂದ್ಯಗಳಲ್ಲಿ ಅವಳು ಒಂದೂ ಗೋಲು ಹೊಡೆದಿರಲಿಲ್ಲ. ಇದು ಅನ್ಯಾಯ. ಕುಷ್ಟಗಿ, ಯಲಬುರ್ಗಾಗಳ ಶಾಲೆಗಳಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕನಾಗಿದ್ದ ನಾನು ಈ ಮಾತನ್ನು ಸೀಟಿಯಷ್ಟೇ ಎಚ್ಚರದಿಂದ ಬಳಸುತ್ತೇನೆ.

ಅವಳು ಮಿಡ್‌ಫೀಲ್ಡರ್. ಎದುರಾಳಿಯಿಂದ ಚೆಂಡು ಕಸಿದು ಮುಂದಿರುವವರ ಕಾಲಿಗೆ ಮುಟ್ಟಿಸುವುದು ಅವಳ ಕೆಲಸ. ಈ ಆಟ ಅವಳಿಗೆ ನನ್ನಿಂದ ಬಂದದ್ದಲ್ಲ. ನನ್ನ ಅಳಿಯ ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ. ಅಲ್ಲಿ ಕುಲುಮೆಯ ಕೆಲಸಕ್ಕೆ ಬಂದ ಝಾರ್ಖಂಡದವರು ಭಾನುವಾರ ಬೆಳಿಗ್ಗೆ ಊರಾಚೆಯ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಾರೆ. ಎಂಟನೆಯ ವಯಸ್ಸಿಗೇ ಇವಳು ಅವರ ನಡುವೆ ನುಗ್ಗಿದ್ದಳು. ಮನೆಗೆ ಬರುವಾಗ ಮೊಣಕಾಲವರೆಗೆ ಕಾರ್ಖಾನೆಯ ಕರಿಬೂದಿ. ನನ್ನ ಮಗಳು ಬಚ್ಚಲಲ್ಲಿ ನಿಲ್ಲಿಸಿ ತಿಕ್ಕುತ್ತ ಬೈಯುತ್ತಿದ್ದಳು: “ಇವೇನು ಕಾಲೋ, ಕಬ್ಬಿಣದ ಸಲಾಕಿಯೋ?”

ಆಯ್ಕೆಗಾರರಲ್ಲಿ ಹಿರಿಯರು ಕಬಡ್ಡಿಯವರು, ಉಳಿದಿಬ್ಬರು ವಾಲಿಬಾಲ್‌ನವರು. ನಮ್ಮಲ್ಲಿ ಫುಟ್‌ಬಾಲ್ ಬಲ್ಲವರು ವಿರಳ, ಅದು ಅಪರಾಧವಲ್ಲ. ಆದರೆ ಅವರು ಕಬಡ್ಡಿಯ ಅಂಕಪಟ್ಟಿಯನ್ನೇ ತಂದು, ‘ರೇಡ್’ ಎಂದಿದ್ದಲ್ಲಿ ಗೀಟು ಎಳೆದು ‘ಗೋಲು’ ಎಂದು ಬರೆದಿದ್ದರು. ಪ್ರತಿ ಹುಡುಗಿಯ ಹೆಸರಿನ ಮುಂದೆ ಅದೊಂದೇ ಅಂಕಣ. ಇವಳ ಹೆಸರಿನ ಮುಂದೆ ಸೊನ್ನೆ.

“ಐದು ಗೋಲು ಆಗ್ಯಾವು. ಐದಕ್ಕೂ ಚೆಂಡು ಕೊಟ್ಟಾಕಿ ಯಾರ್ರಿ?” ಎಂದು ಅವರ ಕೋಣೆಗೇ ಹೋಗಿ ಕೇಳಿದೆ.

“ಕೊಟ್ಟಾಕಿ ಕೊಟ್ಟಾಳ, ಹೊಡದಾಕಿ ಹೊಡದಾಳ. ಬಡಿಸಿದಾಕೀನ ಉಂಡಾಳ ಅಂತ ಬರಿಯಾಕ ಬರತೈತೇನ್ರಿ ಮಾಸ್ತರ?” ಎಂದರು ಹಿರಿಯರು.

ವಾಲಿಬಾಲ್‌ನವರಲ್ಲೊಬ್ಬರು ನಗುತ್ತ, “ಮೊಮ್ಮಗಳಲ್ರಿ! ಅಜ್ಜಾರ ಕಣ್ಣಿಗೆ ಸೊನ್ನಿನೂ ಹುಣ್ಣಿವಿ ಚಂದ್ರಾಮನಂಗ ಕಾಣತೈತಿ” ಎಂದರು.

ಆಗ ಚಹಾ ಬಂತು. ಎಲ್ಲರಿಗೂ ಕೊಟ್ಟರು, ನನಗೆ ಕೊಡಲಿಲ್ಲ. ಅದನ್ನೂ ನಾನು ಮರೆತಿಲ್ಲ.

ಮುಂದಿನ ಭಾನುವಾರ ವಿಷಯ ಕೇಳಿದ ಕುಲುಮೆಯ ಕೆಲಸಗಾರನೊಬ್ಬ, ತನ್ನೂರಿನ ಕಡೆಯ ಬಾಲಕಿಯರ ಕ್ರೀಡಾ ವಸತಿನಿಲಯಕ್ಕೆ ನಿಂತಲ್ಲಿಂದಲೇ ಫೋನು ಮಾಡಿದ. ನಾನೂ ಅವಳೂ ರೈಲು ಹತ್ತಿದೆವು. ಅಲ್ಲಿನ ತರಬೇತುದಾರರು, ಒಬ್ಬ ಹೆಣ್ಣುಮಗಳು, ಅರ್ಧ ಗಂಟೆ ಆಟ ನೋಡಿ ನನ್ನನ್ನು ಕೇಳಿದ್ದು ಇಷ್ಟೆ: ಚೆಂಡು ಕಾಲಿಗೆ ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡುವುದನ್ನು ಇವಳಿಗೆ ಕಲಿಸಿದವರು ಯಾರು? ಯಾರೂ ಕಲಿಸಿರಲಿಲ್ಲ. ಬೆಳೆದ ಗಂಡಸರ ನಡುವೆ ಆಡುವ ಎಂಟು ವರ್ಷದ ಹುಡುಗಿ ಹಿಂದೆ ನೋಡದಿದ್ದರೆ ನೆಲಕ್ಕೆ ಬೀಳುತ್ತಾಳೆ.

ಅವಳನ್ನು ಅಲ್ಲಿ ಸೇರಿಸಿಕೊಂಡರು. ಅಲ್ಲಿಂದ ಒಂದು ಮಹಾನಗರದ ಕ್ಲಬ್ಬು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಯುರೋಪಿನ ಒಂದು ಚಳಿನಾಡಿನ ಎರಡನೆಯ ದರ್ಜೆಯ ತಂಡ. ಮೊದಲ ನಾಲ್ಕು ತಿಂಗಳು ಬದಲಿ ಆಟಗಾರ್ತಿಯರ ಬೆಂಚಿನ ಮೇಲೆ ಕುಳಿತಳು. ಒಮ್ಮೆಯೂ ದೂರಲಿಲ್ಲ. “ಅಜ್ಜಾ, ಇಲ್ಲಿ ಎಷ್ಟು ಆಡಿದ್ರೂ ಕಾಲು ಕರ್ರಗ ಆಗೂದೇ ಇಲ್ಲ, ಅವ್ವಗ ಹೇಳು” ಎಂದಳು ಫೋನಿನಲ್ಲಿ. ಮತ್ತೆ ದನಿ ತಗ್ಗಿಸಿ, “ಇಲ್ಲಿ ನಾ ಕೊಟ್ಟ ಒಂದೊಂದು ಪಾಸೂ ಬರದಿಡ್ತಾರ ನೋಡು” ಎಂದಳು.

ಮೊದಲ ದರ್ಜೆಗೆ ಏರಲು ಗೆಲ್ಲಲೇಬೇಕಾದ ಪಂದ್ಯವನ್ನು ನಾವು ಗಿಣಿಗೇರಾದ ಮನೆಯ ಕಟ್ಟೆಯ ಮೇಲೆ, ಗೋಡೆಗೆ ಆನಿಸಿಟ್ಟ ಫೋನಿನಲ್ಲಿ ನೋಡಿದೆವು. ಸಂಜೆ ಪಾಳಿ ಮುಗಿಸಿದ ಕುಲುಮೆಯವರು ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಗ್ಗಿ ನಿಂತಿದ್ದರು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅವಳು ಚೆಂಡು ಕಸಿದಳು, ತಲೆ ಎತ್ತಿದಳು, ಇಬ್ಬರು ಎದುರಾಳಿಗಳ ನಡುವಿನ ಸಂದಿಯಲ್ಲಿ ಅದನ್ನು ಕಳಿಸಿದಳು. ಮುಂದಿನವಳು ಗೋಲು ಹೊಡೆದಳು. ಹೊಡೆದವಳು ಜನರತ್ತ ಓಡಲಿಲ್ಲ. ಹಿಂದಿರುಗಿ ಓಡಿ ಬಂದು ನನ್ನ ಮೊಮ್ಮಗಳನ್ನು ಎತ್ತಿಕೊಂಡಳು. “ಅಕಿ ಕೊಟ್ಟದ್ದು! ನನ್ನ ಮಗಳು ಕೊಟ್ಟದ್ದು!” ಎಂದು ನನ್ನ ಮಗಳು ಓಣಿಗೆಲ್ಲ ಕೇಳುವಂತೆ ಕೂಗಿದಳು. ವೀಕ್ಷಕ ವಿವರಣೆಗಾರ ಅಳಿಯನ ಮನೆತನದ ಹೆಸರನ್ನು ತಪ್ಪಾಗಿ ಉಚ್ಚರಿಸಿದ. ಆದರೆ ಎರಡು ಸಲ ಉಚ್ಚರಿಸಿದ.

ರಜೆಗೆ ಬಂದವಳನ್ನು ಕೊಪ್ಪಳದಲ್ಲಿ ಸನ್ಮಾನಿಸಿದರು. ವೇದಿಕೆಯ ಮೇಲೆ ಅದೇ ಮೂವರು. ಶಾಲು ಹೊದಿಸಿದ ಹಿರಿಯರು, “ನಮ್ಮ ಕೈಯಾಗ ಬೆಳದ ಹುಡುಗಿ” ಎಂದರು. ಅವಳು ವಾದಿಸಲಿಲ್ಲ. ಮೈಕು ತೆಗೆದುಕೊಂಡು, “ನನ್ನ ರಜಾ ಇನ್ನ ಹತ್ತು ದಿನ ಐತ್ರಿ. ಈ ವರ್ಷದ ಆಯ್ಕಿಗೆ ನಾನೂ ಬಂದು ನಿಮ್ಮ ಬಾಜೂಕ ಕುಂದರ್ತೀನಿ. ನಡುವ ಆಡೋರನ್ನ ಹೆಂಗ ನೋಡಬೇಕು ಅಂತ ತೋರಸ್ತೀನ್ರಿ” ಎಂದಳು. ಎಲ್ಲ ತಾಲ್ಲೂಕುಗಳಿಂದ ಬಂದಿದ್ದ ಹುಡುಗಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಆತು ತಗೋವಾ, ಹೇಳಿ ಕಳಸ್ತೀವಿ” ಎಂದರು ಹಿರಿಯರು.

ಆರನೆಯ ದಿನ ಆಯ್ಕೆ ನಡೆದುಹೋಯಿತು. ಕರೆ ಬರಲಿಲ್ಲ. ಮರಳಿ ಎಂಬ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ನಡುವೆ ನಿಂತು ಸೊಗಸಾಗಿ ಆಡಿದಳಂತೆ; ಅವಳ ಹೆಸರು ಪಟ್ಟಿಯಲ್ಲಿಲ್ಲ. ಮಹನೀಯರೆ, ನನ್ನ ಮೊಮ್ಮಗಳ ಫೋನು ನಂಬರು ನಿಮ್ಮ ಬಳಿ ಇತ್ತು, ಗಿಣಿಗೇರಾ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಶಾಲು ಹೊದಿಸಲು ಕರೆದವಳನ್ನು ಆಟ ನೋಡಲು ಕರೆಯುವುದಕ್ಕೆ ನಿಮಗೆ ಅಡ್ಡಿಯಾದುದಾದರೂ ಏನು?