ಐತಪ್ಪಣ್ಣನ ಎರಡನೆಯ ಚೀಲ

ಐತಪ್ಪಣ್ಣ ಬಂದರಿನ ಮಾರ್ಕೆಟ್ಟಿನಿಂದ ಒಂದೇ ಚೀಲ ಹಿಡಿದು ಬಂದದ್ದನ್ನು ಗುಡ್ಡದ ಮೇಲಿನ ಬಲ್ಮಠದ ನಮ್ಮ ಓಣಿಯಲ್ಲಿ ಯಾರೂ ಕಂಡವರಿಲ್ಲ. ಬಲಗೈಯ ಚೀಲದಲ್ಲಿ ಮೀನು, ಬೆಲ್ಲ, ಮೆಣಸು ಇದ್ದರೆ ಎಡಗೈಯ ಚೀಲದಲ್ಲಿ ಒಂದು ಕಲ್ಲು ಇರುತ್ತಿತ್ತು. ನುಣುಪಾದ ಕರಿಕಲ್ಲು. ಅದನ್ನು ಮನೆಯಿಂದಲೇ ಒಯ್ಯುತ್ತಿದ್ದರು. ಹಾಗಾದರೆ ಹೋಗುವಾಗ ಒಂದೇ ಕೈಗೆ ಭಾರವಲ್ಲವೇ ಎಂದು ನಾನೊಮ್ಮೆ ಕೇಳಿದೆ.

"ಇಳಿಯುವಾಗ ಅದೆಲ್ಲ ಲೆಕ್ಕಕ್ಕಿಲ್ಲ ಮಾರಾಯ. ಹತ್ತುವಾಗ ಎರಡೂ ಬದಿ ಸಮ ಇರ್ಬೇಕು. ಇಲ್ಲದಿದ್ರೆ ಬೆನ್ನು ಹುಣ್ಣಾಗ್ತದೆ."

"ಯಾರ ಬೆನ್ನು?"

"ರಾಣಿಯದ್ದು."

ರಾಣಿ ಒಂದು ಹೇಸರಗತ್ತೆ. ಐತಪ್ಪಣ್ಣ ಸೈನ್ಯದಲ್ಲಿದ್ದಷ್ಟು ಕಾಲವೂ ಹೇಸರಗತ್ತೆಗಳ ಮೇಲೆ ಅಕ್ಕಿ, ಹಿಟ್ಟು, ಮದ್ದುಗುಂಡು ಹೇರಿ ಬೆಟ್ಟ ಹತ್ತಿಸಿದವರು. ಪಿಂಚಣಿಯಾಗಿ ಮಂಗಳೂರಿಗೆ ಬಂದ ಮೇಲೂ ಅವರಿಗೆ ಪ್ರಪಂಚವನ್ನು ಅಳೆಯಲು ಇದ್ದ ಕೋಲು ರಾಣಿಯೊಂದೇ. ನಮ್ಮೂರಿನಲ್ಲಿ ಹೇಸರಗತ್ತೆಯನ್ನು ಕಣ್ಣಾರೆ ಕಂಡವರಿಲ್ಲದ ಕಾರಣ ಅವರ ಮಾತಿಗೆ ಎದುರಾಡುವವರೂ ಇರಲಿಲ್ಲ. ನಾನು ಡೈರಿಯ ಹಿಂಬದಿಯ ಪುಟದಲ್ಲಿ ಅವರು ಯಾರ್ಯಾರನ್ನು ರಾಣಿಗೆ ಹೋಲಿಸಿದರು ಎಂದು ಗೀಟು ಹಾಕಿ ಇಟ್ಟಿದ್ದೆ. ಡಾಕ್ಟರರು, ಪೋಸ್ಟ್‌ಮಾಸ್ಟರು, ನಮ್ಮ ಹೆಡ್‌ಮಾಸ್ಟರು ಎಲ್ಲರೂ ರಾಣಿಗಿಂತ ಕೆಳಗೆ. ಅವಳ ಸಮಕ್ಕೆ ಬಂದವರು ಐತಪ್ಪಣ್ಣನ ಹೆಂಡತಿ ಸುಂದರಿಯಕ್ಕ ಒಬ್ಬರೇ. ಈ ಹೊಗಳಿಕೆಯನ್ನು ಅವರು ಜಗಲಿಯಲ್ಲಿ ಎಲ್ಲರ ಮುಂದೆ ಹೇಳಿದ ದಿನ ಅವರಿಗೆ ಮಧ್ಯಾಹ್ನದ ಊಟ ಸಿಕ್ಕಿದ್ದು ಚಹಾದ ಹೊತ್ತಿಗೆ.

ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗರೆಲ್ಲ ಮೊದಲು ಐತಪ್ಪಣ್ಣನ ಹತ್ತಿರ ಬರುತ್ತಿದ್ದರು. ಭರ್ತಿಯ ದಿನ ಸಾಹೇಬರು 'ಯಾವ ಟ್ರೇಡ್?' ಎಂದು ಕೇಳುತ್ತಾರೆ. ಗುಮಾಸ್ತನೋ, ಡ್ರೈವರನೋ, ಅಡುಗೆಯವನೋ, ವಯರ್‌ಲೆಸ್‌ನವನೋ ಎಂದು ಆಗಲೇ ಹೇಳಬೇಕು. ಅಲ್ಲಿ ಬಾಯಿ ತಡವರಿಸಿದರೆ ಸಾಹೇಬರು ತಮಗೆ ಬೇಕಾದ್ದನ್ನು ಬರೆದುಕೊಳ್ಳುತ್ತಾರೆ ಎಂಬುದು ಐತಪ್ಪಣ್ಣನ ಎಚ್ಚರಿಕೆ. ಯಾರಿಗೆ ಯಾವ ಟ್ರೇಡ್ ಎಂದು ತಿಳಿಯಲು ಅವರದ್ದೇ ಒಂದು ಪರೀಕ್ಷೆ ಇತ್ತು. ಹಗ್ಗದಲ್ಲಿ ಜೋಡಿಸಿದ ಎರಡು ಗೋಣಿಚೀಲಗಳನ್ನು ಹುಡುಗನ ಹೆಗಲಿನ ಎರಡೂ ಬದಿಗೆ ಇಳಿಬಿಟ್ಟು ಬಂದರಿನಿಂದ ಬಲ್ಮಠದವರೆಗೆ ನಡೆಸುವುದು, ತಾವು ಹಿಂದಿನಿಂದ ಬರುವುದು. ಚೀಲದಲ್ಲಿ ಅವರ ಮನೆಯ ತಿಂಗಳ ಅಕ್ಕಿ, ತೆಂಗಿನಕಾಯಿ ಇರುತ್ತಿದ್ದದ್ದು ಪರೀಕ್ಷೆಗೆ ಸಂಬಂಧಿಸದ ವಿಷಯವಂತೆ.

ನನ್ನ ಗೆಳೆಯ ಹಮೀದನಿಗೆ ಡ್ರೈವರನಾಗುವ ಆಸೆ. ಅವನ ಮನೆಯವರು ಮೂರು ತಲೆಮಾರಿನಿಂದ ಅಂಗಡಿಯವರು. ಹಮೀದ ಸಿಳ್ಳೆ ಹಾಕುತ್ತಾ ಗುಡ್ಡ ಹತ್ತಿದ. ಐತಪ್ಪಣ್ಣ ನಡುವೆ ಬೀಡಿ ಹಚ್ಚಲು ನಿಂತದ್ದೇ ತಪ್ಪಾಯಿತು. ಬಲ್ಮಠ ಮುಟ್ಟುವಾಗ ಚೀಲಗಳು ಎರಡೂ ಬದಿ ಸಮವಾಗಿಯೇ ಇದ್ದವು, ಆದರೆ ಅರ್ಧ ಖಾಲಿ.

"ಕಾಯಿ ಎಲ್ಲಿ ಹೋಯ್ತು?"

"ದಾರಿಯಲ್ಲಿ ಹೋಟೆಲಿನವರು ಕೇಳಿದ್ರು ಐತಪ್ಪಣ್ಣ. ಒಳ್ಳೆ ರೇಟು ಬಂತು, ಕೊಟ್ಟೆ. ಎರಡೂ ಬದಿಯಿಂದ ಸಮ ತೆಗೆದಿದ್ದೇನೆ."

ಐತಪ್ಪಣ್ಣ ಚೀಲದೊಳಗೆ ಕೈಹಾಕಿ ಉಳಿದ ಕಾಯಿ ಎಣಿಸಿದರು. "ನಿನ್ನ ಕೈಯಲ್ಲಿ ಲಾರಿ ಕೊಟ್ರೆ ಗಡಿ ಮುಟ್ಟುವಾಗ ಸ್ಟೇರಿಂಗ್ ಮಾತ್ರ ಉಳೀತದೆ. ನಿನಗೆ ಮಿಲಿಟರಿ ಬೇಡ ಮಾರಾಯ, ಅಪ್ಪನ ಅಂಗಡಿಯಲ್ಲಿ ಕೂರು." ಹಮೀದ ಈಗ ಅಲ್ಲಿಯೇ ಕೂತು ಚೆನ್ನಾಗಿದ್ದಾನೆ.

ನನ್ನ ವಿಷಯ ಅಷ್ಟು ಸುಲಭದ್ದಾಗಿರಲಿಲ್ಲ. ನನಗೆ ಟಕ್‌ಟಕ್ ಸದ್ದಿಗೆ ಕಿವಿಗೊಟ್ಟು ಸಂದೇಶ ಬರೆದುಕೊಳ್ಳುವ ವಯರ್‌ಲೆಸ್ ಬೇಕಿತ್ತು. ಅಮ್ಮ ಗುಮಾಸ್ತನಾಗುವುದಾದರೆ ಮಾತ್ರ ಕಳಿಸುತ್ತೇನೆ ಎಂದು ಹಠ ಹಿಡಿದಿದ್ದರು. ಚೀನಾದ ಯುದ್ಧ ಮುಗಿದ ಮರುವರ್ಷ ಅದು. ಗುಮಾಸ್ತನೆಂದರೆ ಗೋಡೆಯ ಒಳಗೆ, ಮೇಜಿನ ಹಿಂದೆ ಕೂರುವವನು ಎಂಬುದು ಅವರ ಧೈರ್ಯ. ನನ್ನ ತಲೆಗೆ ಇದನ್ನು ತುಂಬುವಂತೆ ಅವರು ಐತಪ್ಪಣ್ಣನಿಗೆ ಹೇಳಿಟ್ಟಿದ್ದರು. ಐತಪ್ಪಣ್ಣನೂ ಒಪ್ಪಿದ್ದರು. "ಇವ ದಿನಾ ಬೆಳಿಗ್ಗೆ ಕಾಗೆ ಎಷ್ಟು ಬಂತು ಅಂತ ಕೂಡ ಬರ್ದಿಡ್ತಾನೆ ಅಕ್ಕ. ಗುಮಾಸ್ತನೇ ಆಗ್ಬೇಕಷ್ಟೆ."

ನಾನು ಪರೀಕ್ಷೆಗೆ ತಯಾರಾಗಿಯೇ ಹೋದೆ. ಬಂದರಿನ ಅಂಗಡಿಯ ತಕ್ಕಡಿಯಲ್ಲಿ ಎರಡೂ ಚೀಲ ತೂಗಿಸಿ, ಎಡಕ್ಕೆ ತೆಂಗಿನಕಾಯಿ, ಬಲಕ್ಕೆ ಅಕ್ಕಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಮಾಡಿದೆ. ಐತಪ್ಪಣ್ಣ ಬೀಡಿಯ ಹೊಗೆಯೊಳಗಿಂದ ನಕ್ಕರು.

"ತಕ್ಕಡಿ ನಿಂತಲ್ಲೇ ನಿಲ್ತದೆ. ರಾಣಿ ನಡೀತಾಳೆ. ಹೋಗು."

ಹೆಜ್ಜೆಗೊಂದರಂತೆ ಕಾಯಿಗಳು ಟಕ್ ಎನ್ನುತ್ತಿದ್ದವು. ಅಭ್ಯಾಸಬಲದಿಂದ ನಾನು ಎಣಿಸುತ್ತಾ ಹತ್ತಿದೆ. ಏರಿನ ನಡುವೆ ಒಂದು ಹೆಜ್ಜೆಗೆ ಎರಡು ಟಕ್ ಕೇಳಿಸಿತು. ಮತ್ತೆ ಎರಡು. ನಾನು ನಿಂತುಬಿಟ್ಟೆ.

"ನಿಲ್ಲು ಅಂತ ಯಾರು ಹೇಳಿದ್ದು?"

"ಎಡಗಡೆ ಗಂಟು ಸಡಿಲ ಆಗಿದೆ ಐತಪ್ಪಣ್ಣ."

ಅವರು ಬಗ್ಗಿ ನೋಡಿದರು. ಗಂಟು ನಿಜವಾಗಿಯೂ ಜಾರುತ್ತಿತ್ತು. "ನಿನ್ನ ಕಣ್ಣು ಮುಂದೆ ಇತ್ತಲ್ಲ. ಹೇಗೆ ಗೊತ್ತಾಯ್ತು?"

"ಶಬ್ದ ಬೇರೆ ಆಯ್ತು."

ಅವರು ಗಂಟನ್ನು ತಾವೇ ಬಿಗಿದರು. ಮನೆ ಮುಟ್ಟುವವರೆಗೂ ರಾಣಿಯ ಹೆಸರೆತ್ತಲಿಲ್ಲ. ಡೈರಿಯಲ್ಲಿ ಇದನ್ನು ಅಚ್ಚರಿಯ ಸಂಗತಿಯೆಂದು ಬರೆದಿದ್ದೇನೆ. ಅಂಗಳದಲ್ಲಿ ಚೀಲ ಇಳಿಸಿದ ಮೇಲೆ ನೇರವಾಗಿ ನಮ್ಮ ಮನೆಗೆ ನಡೆದರು.

"ಅಕ್ಕ, ಇವನಿಗೆ ಕಿವಿ ಉಂಟು. ವಯರ್‌ಲೆಸ್ಸೇ ಆಗ್ಲಿ."

ಅಮ್ಮನಿಗೆ ಸಿಟ್ಟು ಬಂತು. "ನಾನು ನಿಮಗೆ ಹೇಳಿದ್ದು ಎಂತ, ನೀವು ಮಾಡಿದ್ದು ಎಂತ? ಗುಮಾಸ್ತ ಆದ್ರೆ ಗುಂಡಿನ ಹೆದರಿಕೆ ಇಲ್ಲ ಅಂತಲ್ವಾ ನಾನು ಒಪ್ಪಿದ್ದು?"

ಐತಪ್ಪಣ್ಣ ಜಗಲಿಯ ಅಂಚಿನಲ್ಲಿ ಕೂತರು. "ನಮ್ಮ ಸಂಗಡ ಒಬ್ಬ ಅಡುಗೆಯವ ಇದ್ದ ಅಕ್ಕ. ಸೌಟು ಬಿಟ್ಟು ಬೇರೆ ಎಂತದೂ ಹಿಡಿದವನಲ್ಲ." ಅಲ್ಲಿಗೆ ನಿಲ್ಲಿಸಿದರು. ಕಿಸೆಯಿಂದ ಬೀಡಿ ತೆಗೆದು, ಹಚ್ಚದೆ ಮತ್ತೆ ಒಳಗೆ ಹಾಕಿ ಹೇಳಿದರು: "ಗುಂಡು ಟ್ರೇಡ್ ಕೇಳಿ ಬರುವುದಿಲ್ಲ. ನಿಮಗೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಅಮ್ಮ ಒಳಗೆ ಹೋದರು. ಪಾತ್ರೆಗಳ ಸದ್ದು ಬಹಳ ಹೊತ್ತು ಜೋರಾಗಿಯೇ ಇತ್ತು. ಆಮೇಲೆ ಎರಡು ಲೋಟ ಚಹಾ ತಂದು ನಮ್ಮಿಬ್ಬರ ಮುಂದೆ ಕುಟ್ಟಿ ಇಟ್ಟರು. "ಹೇಗೂ ಹೆದರಿಕೊಂಡೇ ಇರ್ಬೇಕು ಅಂತಾದ್ರೆ ಅವನಿಗೆ ಬೇಕಾದ್ದೇ ಆಗ್ಲಿ."

ಭರ್ತಿಯ ದಿನ ಸಾಹೇಬರು ಕೇಳಿದಾಗ ನನ್ನ ಬಾಯಿ ತಡವರಿಸಲಿಲ್ಲ.

ಮೊದಲ ರಜೆಗೆ ಬರುವಷ್ಟರಲ್ಲಿ ಐತಪ್ಪಣ್ಣ ತೀರಿಕೊಂಡಿದ್ದರು. ಜ್ವರವಂತೆ, ಎರಡೇ ದಿನ. ತರಬೇತಿ ಕೇಂದ್ರದ ಹತ್ತಿರ ನಾನು ಮೊದಲ ಬಾರಿಗೆ ಹೇಸರಗತ್ತೆಯನ್ನು ಕಂಡದ್ದನ್ನೂ, ಅದು ನನ್ನ ಟೋಪಿಯನ್ನು ಕಚ್ಚಿ ಎಳೆದದ್ದನ್ನೂ ಅವರಿಗೆ ಹೇಳಬೇಕೆಂದು ಕಾಪಿಟ್ಟುಕೊಂಡು ಬಂದಿದ್ದೆ. ಸುಂದರಿಯಕ್ಕನಿಗೆ ಹೇಳಿದೆ. "ಅವರು ಇದ್ದಿದ್ರೆ ಅದು ರಾಣಿಯ ಮೊಮ್ಮಗಳು ಅಂತ ಹೇಳ್ತಿದ್ರು ನೋಡು," ಎಂದು ನಕ್ಕರು, ಕಣ್ಣೊರೆಸಿಕೊಂಡರು. ಹೇಸರಗತ್ತೆಗಳಿಗೆ ಮರಿಯಾಗುವುದಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ಹೊರಡುವಾಗ ಅಮ್ಮನಿಗೆಂದು ಒಂದು ಚೀಲದ ತುಂಬ ಮಾವಿನಕಾಯಿ ಕೊಟ್ಟರು. ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನಿಂದ ಕರೆದರು.

"ಒಂದೇ ಕೈಯಲ್ಲಿ ಹೋಗ್ತೀಯಾ ಮಗ?"

ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ ಒತ್ತಿಟ್ಟಿದ್ದ ಐತಪ್ಪಣ್ಣನ ಆ ಕರಿಕಲ್ಲನ್ನು ತೆಗೆದು, ಇನ್ನೊಂದು ಚೀಲಕ್ಕೆ ಹಾಕಿ ನನ್ನ ಎಡಗೈಗೆ ಕೊಟ್ಟರು. ನಾನು ಎರಡನ್ನೂ ಹೊತ್ತು ಮನೆಗೆ ಬಂದೆ.

ಅಮ್ಮ ಮಾವಿನಕಾಯಿ ತೆಗೆದಿಟ್ಟು ಇನ್ನೊಂದು ಚೀಲದೊಳಗೆ ಇಣುಕಿದರು. ಕಲ್ಲನ್ನು ಹೊರತೆಗೆದು ಸೆರಗಿನಿಂದ ಒರೆಸಿದರು.

"ನಾಳೆ ಬೆಳಿಗ್ಗೆ ವಾಪಸ್ ಕೊಟ್ಟು ಬಾ," ಎಂದರು. "ಪಾಪ, ಅವಳ ಬಾಗಿಲು ಹೊಡ್ಕೊಳ್ತದೆ."